ಅವಲಂಬಿತರು

ಫಾರಮ್ಮಿನ ಹನ್ನೊಂದನೆಯ ಕಲಮಿನಲ್ಲಿ
ಮಾರಿಕಾ ನಮ್ಮನ್ನು ಬರೆದಿದ್ದಳು:
ಅವಲಂಬಿತರು, ಇಬ್ಬರು.
ಗಂಡ, ನಲವತ್ತಾರು, ಪಿಯಾನೋಗೆ ಶ್ರುತಿ ಕೂಡಿಸುವವನು.
ಮಗಳು, ಒಂಬತ್ತು.
ತಾರ್ತುವಿನ ಕಚೇರಿಯಲ್ಲಿ ಗುಮಾಸ್ತೆ ಕನ್ನಡಕ ಹಣೆಗೇರಿಸಿ ಕೇಳಿದ್ದಳು:
'ಅಲ್ಲಿ ಪಿಯಾನೋ ಇದೆಯೇ?'

ಇಲ್ಲ.
ಲೆಸೊಥೊದ ಈ ಬೆಟ್ಟದ ಹೆಗಲಲ್ಲಿ ಇರುವುದು
ಹದಿನೆಂಟು ಗುಂಡು ಗುಡಿಸಲು, ತಗಡು ಹೊದ್ದ ಶಾಲೆ.
ಬಸ್ಸು ಇನ್ನಾಗದೆಂದು ನಿಂತುಬಿಡುವಲ್ಲಿಂದ
ಕುದುರೆ ಬೆನ್ನಲ್ಲಿ ನಾಲ್ಕು ತಾಸು.
ಅವಳು ಜನವರಿಯಲ್ಲೇ ಬಂದಳು,
ಸೀಮೆಸುಣ್ಣದ ಡಬ್ಬಿಗಳ ಜೊತೆ, ಸಂಬಳದ ಮಾತಿಲ್ಲದೆ.
ನಾವು ಏಪ್ರಿಲಿನಲ್ಲಿ,
ಸೂಜಿಯ ಹಿಂದೆ ದಾರ.
ದಾರಕ್ಕೊಂದು ಗಂಟೂ ಬಿದ್ದಿತ್ತು:
ದಾರಿಯುದ್ದ ಮಗಳು ತುಟಿ ಬಿಚ್ಚಲಿಲ್ಲ.

ನಾವು ಬಂದಿಳಿದ ದಿನ ಮಳೆ.
ಮುದುಕಿ ಮಾಮೊಲಿಬೆಲಿ ಕಂಬಳಿಯೊಳಗಿಂದ ಕೈ ಚಾಚಿ
ಲೇಲೊಳ ಒದ್ದೆ ಗಲ್ಲ ಹಿಡಿದು
'ಪುಲೆಂಗ್' ಎಂದಳು: ಮಳೆಯಲ್ಲಿ ಬಂದವಳು.
ಅಷ್ಟೇ. ನಮ್ಮನ್ನು ಯಾರೂ ಕೇಳಲಿಲ್ಲ.
ಮರುದಿನದಿಂದ ಹೆಂಡತಿ ಮಾಪುಲೆಂಗ್, ಅಂದರೆ ಪುಲೆಂಗಳ ತಾಯಿ.
ನಾನು ರಾಪುಲೆಂಗ್.
ಮಾರಿಕಾ ಎಂಬವಳು ಹಾಜರಿ ಪುಸ್ತಕದ ರಟ್ಟಿನ ಮೇಲಷ್ಟೇ ಉಳಿದಳು.
ರಾತ್ರಿ ದೀಪ ಆರಿಸಿ, ನಗುತ್ತಾ, ಪಿಸುಗುಟ್ಟಿದಳು:
'ಫಾರಮ್ಮು ತಿದ್ದಬೇಕು ಕಣೋ,
ಇಲ್ಲಿ ಅವಲಂಬಿತರು ನಾವಿಬ್ಬರು.'
ಗೋಡೆಯ ಕಡೆ ತಿರುಗಿ ಮಲಗಿದ್ದವಳು
ಕೇಳಿಸಿಕೊಂಡಳೋ ಏನೋ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ,
ಅದೇನೋ ಸರಿ. ಬಂದವನಿಗೆ ಗಾದೆಯಿಲ್ಲ.
ಅವಳು ಶಾಲೆಗೆ ಹೋದ ಮೇಲೆ ಬಕೆಟ್ಟು ಹಿಡಿದು
ಒರತೆಯ ಸಾಲಿನಲ್ಲಿ ನಿಂತೆ, ಹನ್ನೆರಡು ಹೆಂಗಸರ ಹಿಂದೆ.
ನಗು ಒಂದು ತಲೆಯಿಂದ ಇನ್ನೊಂದಕ್ಕೆ ತುಳುಕಿತು.
ನಾನೂ ತಲೆಯ ಮೇಲೇ ಹೊತ್ತೆ:
ಮನೆ ಸೇರಿದ್ದು ಅರ್ಧ ಬಕೆಟ್ಟು,
ಉಳಿದರ್ಧ ನನ್ನ ಅಂಗಿ.
ಮೂರನೆಯ ದಿನ ಯಾರೋ ಹಳೆ ಬಟ್ಟೆಯ ಸಿಂಬಿ ಸುತ್ತಿ
ನೆತ್ತಿಯ ಮೇಲಿಟ್ಟು ಒತ್ತಿದರು.
ಖಾರೆ, ಎಂದರು. ಸಿಂಬಿಗೆ ಖಾರೆ.
ಅವರ ಭಾಷೆಯಲ್ಲಿ ನನ್ನ ಮೊದಲ ಪದ ಅದು,
ಭಾರಕ್ಕೂ ನನಗೂ ನಡುವೆ.

ಜೂನಿನಲ್ಲಿ ಕುರಿಗಾಹಿ ತ್ಸೆಲಿಸೊ ಅಕಾರ್ಡಿಯನ್ ತಂದ.
ಅಪ್ಪನ ಜೊತೆ ಗಣಿಗೆ ಹೋಗಿ
ಒಂಟಿಯಾಗಿ ಮರಳಿದ ಪೆಟ್ಟಿಗೆ.
ಎರಡು ನಾಲಗೆ ಸತ್ತಿದ್ದವು.
ಅಲಾರಾಂ ಗಡಿಯಾರದ ಸ್ಪ್ರಿಂಗು ಕತ್ತರಿಸಿ, ಅರದಿಂದ ಉಜ್ಜಿ
ಒಂದಕ್ಕೆ ದನಿ ಕೊಟ್ಟೆ. ಎಂಟು ದಿನ ಹಿಡಿಯಿತು.
ಇನ್ನೊಂದು ನನ್ನ ಕೈಲಾಗಲಿಲ್ಲ.
ಅವನು ತಿದಿ ಎಳೆದು ನೋಡಿ
'ಪರವಾಗಿಲ್ಲ ರಾಪುಲೆಂಗ್,
ಆ ಜಾಗ ಬಂದಾಗ ನಾನೇ ಹಾಡಿಕೊಳ್ಳುತ್ತೇನೆ' ಎಂದ.
ಕೂಲಿ, ಒಂದು ಚೀಲ ಬೆರಣಿ.
ಮನೆಯಲ್ಲಿ ದುಡಿದು ತರುವವನು ಈಗ ನಾನೊಬ್ಬನೇ
ಎಂದು ಒಲೆಯ ಮುಂದೆ ಸ್ವಲ್ಪ ಬೀಗಿದೆ.
ಮಾರಿಕಾ ಗಣಿತದ ಪುಸ್ತಕಗಳನ್ನು ತಿದ್ದುತ್ತಿದ್ದಳು.
ತಲೆಯೆತ್ತದೆ 'ಹೌದು ಹೌದು' ಎಂದಳು.

ಮತ್ತೆ ಜುಲೈ. ಬೆಳಿಗ್ಗೆ ಎದ್ದರೆ ಬೆಟ್ಟವೆಲ್ಲ ಹಿಮ.
ಇಲ್ಲಿ ಬಂದ ಮೇಲೆ ಲೇಲೊಗೆ ಗುರುತು ಸಿಕ್ಕ ಮೊದಲ ಮುಖ.
ಬೂಟಿನ ದಾರ ಕಟ್ಟದೆ ಓಡಿದವಳು
ಒಂದು ಹಿಡಿ ತೆಗೆದು, ಹಿಚುಕಿ, ಮೂಸಿ,
ಸುತ್ತ ನೆರೆದ ಮಕ್ಕಳಿಗೆ ಹರಕು ಸೆಸೊಥೊದಲ್ಲಿ ತೀರ್ಪು ಕೊಟ್ಟಳು:
ಇದು ಅಂಟುವುದಿಲ್ಲ. ಮಧ್ಯಾಹ್ನ. ಕಾಯಿರಿ.
ಕಾದರು! ಇಡೀ ಶಾಲೆ, ಕಂಬಳಿ ಹೊದ್ದು,
ಸೂರ್ಯನ ಕಡೆ ನೋಡುತ್ತಾ.
ಮಾರಿಕಾ ಬಾಗಿಲಲ್ಲಿ ಗಂಟೆ ಹಿಡಿದು ನಿಂತಳು,
ಬಾರಿಸಲಿಲ್ಲ.

ನೆತ್ತಿಗೆ ಬಿಸಿಲು ಬಂದಾಗ
ಮೇಲಿನ ದಿಣ್ಣೆಯಿಂದ ಯಾರೋ ಕೂಗಿದರು, 'ಪುಲೆಂಗ್!'
ಕರೆದದ್ದು ಒಬ್ಬಳನ್ನು,
ತಿರುಗಿದೆವು ಮೂವರೂ.

ಓಡಿದ್ದು ಮಾತ್ರ ಅವಳೇ,
ನಮ್ಮ ಕಡೆ ನೋಡದೆ.